ಎರಡು ಗೆಲುವುಗಳ ಕಡತ

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನ 1950–51ರ ಋತುವಿನಿಂದ ಎರಡು ಸಾಲು ಎತ್ತಿಕೊಳ್ಳೋಣ. ಒಂದು, 1950ರ ಡಿಸೆಂಬರ್ ಆರಂಭದ್ದು: ಲಾಂಗ್ ಐಲ್ಯಾಂಡ್ ಯೂನಿವರ್ಸಿಟಿ 60, ಕ್ಯಾನ್ಸಸ್ ಸ್ಟೇಟ್ 59. ಇನ್ನೊಂದು, 1951ರ ಜನವರಿ 16ರದ್ದು: ಮ್ಯಾನ್‌ಹ್ಯಾಟನ್ ಕಾಲೇಜು 62, ಡಿಪಾಲ್ 59. ಎರಡೂ ನಡೆದದ್ದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ. ಎರಡರಲ್ಲೂ ಊರಿನ ತಂಡ ಗೆದ್ದಿತು, ಎರಡರಲ್ಲೂ ಅಂತರ ಕೂದಲೆಳೆಯಷ್ಟು. ಒಂದು ಗೆಲುವಿನ ಅಂತರವನ್ನು ಆಟಗಾರರು ಜೂಜುಕೋರರಿಗೆ ಮೊದಲೇ ಮಾರಿಕೊಂಡಿದ್ದರು. ಇನ್ನೊಂದರಲ್ಲಿ ಹಣದ ಆಮಿಷ ಬಂದಿತ್ತು, ಆಟಗಾರ ಒಪ್ಪಲಿಲ್ಲ.

ಮಾರಿಕೊಂಡದ್ದು ಯಾವುದು, ಒಪ್ಪದೆ ಉಳಿದದ್ದು ಯಾವುದು ಎಂಬುದರಲ್ಲಿ ಈಗ ಗುಟ್ಟೇನೂ ಇಲ್ಲ. ಅಮೆರಿಕದ ಕ್ರೀಡಾ ಇತಿಹಾಸದ ಯಾವ ಪುಸ್ತಕ ತೆರೆದರೂ ಉತ್ತರ ಸಿಗುತ್ತದೆ. ನನಗೆ ಬೇಕಾಗಿದ್ದುದು ಆ ಉತ್ತರ ಬಂದ ದಾರಿ. ಸ್ಕೋರೇ ಅದನ್ನು ಹೇಳಿತೆ? ಪತ್ರಿಕೆಗಳು ಹಿಡಿದವೆ? ಪೊಲೀಸರೆ? ಆ ಸ್ಕೋರನ್ನೊಂದೇ ಕೈಯಲ್ಲಿಟ್ಟುಕೊಂಡು, ಏನೂ ಗೊತ್ತಿಲ್ಲದವನಂತೆ ಹಿಂದಕ್ಕೆ ನಡೆದು ನೋಡಬೇಕೆನ್ನಿಸಿತು.

ಮೊದಲು ‘ತವರು’ ಅಂದರೆ ಏನೆಂದು ಗೊತ್ತು ಮಾಡಿಕೊಳ್ಳಬೇಕಾಯಿತು. ಗಾರ್ಡನ್ ಈ ಎರಡೂ ಕಾಲೇಜುಗಳ ಸ್ವಂತದ್ದಲ್ಲ. ಲಾಂಗ್ ಐಲ್ಯಾಂಡ್ ಯೂನಿವರ್ಸಿಟಿ ಇದ್ದದ್ದು ಬ್ರೂಕ್ಲಿನ್‌ನಲ್ಲಿ. ಮ್ಯಾನ್‌ಹ್ಯಾಟನ್ ಕಾಲೇಜು, ಹೆಸರು ಏನೇ ಇರಲಿ, ಇದ್ದದ್ದು ಬ್ರಾಂಕ್ಸ್‌ನ ರಿವರ್‌ಡೇಲ್‌ನಲ್ಲಿ. ಆದರೆ 1934ರ ಡಿಸೆಂಬರ್‌ನಲ್ಲಿ ನೆಡ್ ಐರಿಷ್ ಎಂಬ ಸಂಘಟಕ ಒಂದೇ ಟಿಕೆಟ್ಟಿಗೆ ಎರಡು ಕಾಲೇಜು ಪಂದ್ಯ ತೋರಿಸುವ ರೂಢಿ ಶುರು ಮಾಡಿದ ಮೇಲೆ, ನಗರದ ಕಾಲೇಜುಗಳ ದೊಡ್ಡ ಪಂದ್ಯಗಳೆಲ್ಲ ಎಂಟನೇ ಅವೆನ್ಯೂದ ಆ ಕಟ್ಟಡಕ್ಕೇ ಹೋದವು. ಹೊರಗಿನ ತಂಡ ರೈಲಿನಲ್ಲಿ ಬರುತ್ತಿತ್ತು, ಊರಿನ ತಂಡ ಸಬ್‌ವೇ ಹತ್ತಿ ಬರುತ್ತಿತ್ತು. ಗ್ಯಾಲರಿಯಲ್ಲಿ ಕೂತ ಸಾವಿರಾರು ಜನ ಊರಿನವರು. ಹಾಗಾಗಿ ತವರಿನ ಗೆಲುವು ಎಂದು ಕರೆಯಲು ನನಗೆ ಅಡ್ಡಿ ಕಾಣಲಿಲ್ಲ. ಆದರೆ ಒಂದನ್ನು ಗಮನಿಸಿ: ಆ ಸಾವಿರಾರು ಜನರಲ್ಲಿ ಎಷ್ಟೋ ಮಂದಿಗೆ ಯಾವ ಕಾಲೇಜಿನ ಮೇಲೂ ಅಭಿಮಾನವಿರಲಿಲ್ಲ. ಅವರು ಹಣ ಕಟ್ಟಿ ಬಂದವರು. ಕಾಲೇಜಿನ ಅಂಗಳದಿಂದ ಆಟವನ್ನು ನಗರದ ನಡುಮಧ್ಯಕ್ಕೆ ತಂದು ಕೂರಿಸಿದ್ದೇ ಮುಂದಿನ ಕಥೆಗೆಲ್ಲ ಜಾಗ ಮಾಡಿಕೊಟ್ಟಿತು ಎಂಬುದು ನನ್ನ ಅಂದಾಜು.

ಆ ಚಳಿಗಾಲ ನ್ಯೂಯಾರ್ಕಿನ ಆಸೆಯೂ ದೊಡ್ಡದಿತ್ತು. 1950ರ ಮಾರ್ಚ್‌ನಲ್ಲಿ ಸಿಟಿ ಕಾಲೇಜು, ಅಂದರೆ ಬಡವರ ಮಕ್ಕಳು ಫೀಸಿಲ್ಲದೆ ಓದುತ್ತಿದ್ದ ಸಿಸಿಎನ್‌ವೈ, ಒಂದೇ ಋತುವಿನಲ್ಲಿ ಎನ್‌ಐಟಿ ಮತ್ತು ಎನ್‌ಸಿಎಎ ಎಂಬ ಎರಡೂ ದೊಡ್ಡ ಕಾಲೇಜು ಪಂದ್ಯಾವಳಿಗಳ ಪ್ರಶಸ್ತಿ ಗೆದ್ದಿತ್ತು. ಎರಡು ಫೈನಲ್‌ಗಳೂ ಬ್ರಾಡ್ಲಿ ವಿರುದ್ಧ, ಎರಡೂ ಗಾರ್ಡನ್‌ನಲ್ಲಿ: 69–61, 71–68. ಹೊಸ ಋತು ಶುರುವಾದಾಗ ಸಿಟಿ ಕಾಲೇಜಿನ ಪಕ್ಕದಲ್ಲೇ ಇನ್ನೊಂದು ಹೆಸರು ಕೇಳಿಬರುತ್ತಿತ್ತು: ಕ್ಲೇರ್ ಬೀ ತರಬೇತಿಯ ಲಾಂಗ್ ಐಲ್ಯಾಂಡ್. ಅದರ ಮುಂಚೂಣಿ ಆಟಗಾರ ಶರ್ಮನ್ ವೈಟ್ ಆ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 27.7 ಅಂಕ ಹೊಡೆದವರು. ತಂಡ ಮೊದಲ 16 ಪಂದ್ಯಗಳನ್ನೂ ಗೆದ್ದಿತು. ಆ ಸಾಲು ಗೆಲುವುಗಳ ಆರಂಭದಲ್ಲೇ ಇರುವುದು ಕ್ಯಾನ್ಸಸ್ ಸ್ಟೇಟ್ ಮೇಲಿನ ಒಂದಂಕದ ಗೆಲುವು. ಕ್ಯಾನ್ಸಸ್ ಸ್ಟೇಟ್ ಸುಮ್ಮನೆ ಬಂದುಹೋದ ತಂಡವಲ್ಲ. ಅದೇ ಋತುವಿನ ಕೊನೆಗೆ ಎನ್‌ಸಿಎಎ ಫೈನಲ್ ತಲುಪಿದ ತಂಡ. ಅಂಥವರನ್ನು ಒಂದಂಕದಿಂದ ಕೆಡವಿದ್ದು ಮಾರ್ಚ್ ತಿಂಗಳ ಕನಸಿಗೆ ಒಳ್ಳೆಯ ಮುನ್ಸೂಚನೆ ಎಂದೇ ಯಾರಾದರೂ ಓದಿಕೊಳ್ಳುವರು.

ನಾನೂ ಮೊದಲು ಹೋದದ್ದು ಸ್ಕೋರ್ ಪಟ್ಟಿಯ ಬಳಿಗೇ. ಆ ಕಾಲದ ಪತ್ರಿಕೆಗಳು ಅಚ್ಚು ಹಾಕುತ್ತಿದ್ದ ಪಟ್ಟಿಯನ್ನು ಹತ್ತಿರದಿಂದ ನೋಡಿದರೆ ಅದರ ಬಡತನ ತಿಳಿಯುತ್ತದೆ. ಎಡಗಡೆ ಆಟಗಾರನ ಅಡ್ಡಹೆಸರು, ಪಕ್ಕದಲ್ಲಿ ಮೂರು ಪುಟ್ಟ ಕಾಲಮ್ಮು: ಹಾಕಿದ ಬುಟ್ಟಿ ಎಷ್ಟು, ಫ್ರೀ ಥ್ರೋದಿಂದ ಬಂದದ್ದೆಷ್ಟು, ಒಟ್ಟು ಅಂಕ ಎಷ್ಟು. ಕೆಳಗೆ ಮೊತ್ತ. ಮುಗಿಯಿತು. ಎಸೆದು ತಪ್ಪಿದ್ದೆಷ್ಟು ಎಂಬುದು ಅಲ್ಲಿಲ್ಲ. ಚೆಂಡನ್ನು ಎದುರಾಳಿಯ ಕೈಗೆ ಕೊಟ್ಟದ್ದೆಷ್ಟು ಎಂಬುದು ಇಲ್ಲ. ತಾನು ಕಾಯಬೇಕಾದವನನ್ನು ಯಾರು ಎಷ್ಟು ಸಲ ಸಡಿಲ ಬಿಟ್ಟ ಎಂಬುದಂತೂ ಇಂದಿನ ಪಟ್ಟಿಗಳಲ್ಲೂ ಸರಿಯಾಗಿ ಸಿಗುವುದಿಲ್ಲ. ಬೋರ್ಡಿಗೆ ತಗುಲಿ ಹಿಂದೆ ಬಂದ ಚೆಂಡನ್ನು ಯಾರು ಹಿಡಿದರು ಎಂದು ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆ ಎನ್‌ಸಿಎಎ ಅಧಿಕೃತವಾಗಿ ಲೆಕ್ಕ ಇಡತೊಡಗಿದ್ದೇ ಆ 1950–51ರ ಋತುವಿನಲ್ಲಿ. ಇಲ್ಲಿ ಒಂದು ವಿಚಿತ್ರ ಹೊಂದಾಣಿಕೆ ಇದೆ. ಪಂದ್ಯವನ್ನು ಒಳಗಿನಿಂದ ಸಡಿಲಿಸಬೇಕೆಂದವನು ಮಾಡುವ ಕೆಲಸಗಳು ಯಾವುವು? ರೀಬೌಂಡಿಗೆ ಅರ್ಧ ಗಳಿಗೆ ತಡವಾಗಿ ಜಿಗಿಯುವುದು, ಪಾಸನ್ನು ಒಂದು ಗೇಣು ಆಚೆ ಎಸೆಯುವುದು, ಎದುರಾಳಿ ಬುಟ್ಟಿಯ ಕಡೆ ನುಗ್ಗುವಾಗ ಒಂದು ಹೆಜ್ಜೆ ಹಿಂದುಳಿಯುವುದು. ಪಟ್ಟಿ ಯಾವುದನ್ನು ಬರೆದುಕೊಳ್ಳುತ್ತಿರಲಿಲ್ಲವೋ ಸರಿಯಾಗಿ ಅಲ್ಲೇ ಮೋಸಕ್ಕೆ ಜಾಗವಿತ್ತು.

ಹಾಗಿದ್ದರೆ ಅಂತರವೇ ಏನಾದರೂ ಹೇಳೀತೆ? ಇದಕ್ಕೆ ಬೆಟ್ಟಿಂಗಿನ ಲೆಕ್ಕ ತಿಳಿದಿರಬೇಕು. 1940ರ ದಶಕದ ಹೊತ್ತಿಗೆ ಅಮೆರಿಕದ ಬುಕಿಗಳು ಯಾರು ಗೆಲ್ಲುತ್ತಾರೆ ಎಂಬುದರ ಮೇಲೆ ಮಾತ್ರ ಹಣ ಕಟ್ಟಿಸಿಕೊಳ್ಳುತ್ತಿರಲಿಲ್ಲ. ಎಷ್ಟು ಅಂಕದಿಂದ ಎಂಬುದೇ ಮುಖ್ಯವಾಗಿತ್ತು. ಲಾಂಗ್ ಐಲ್ಯಾಂಡ್ ಆರು ಅಂಕದ ಆಸುಪಾಸಿನ ನೆಚ್ಚಿನ ತಂಡ ಎಂದರೆ, ಅದರ ಮೇಲೆ ಹಣ ಕಟ್ಟಿದವನಿಗೆ ಲಾಭ ಬರಬೇಕಾದರೆ ತಂಡ ಆ ಆರನ್ನೂ ದಾಟಿ ಗೆಲ್ಲಬೇಕು. ಒಂದಂಕದಿಂದಲೋ ಮೂರಂಕದಿಂದಲೋ ಗೆದ್ದರೆ ಕ್ಯಾನ್ಸಸ್ ಸ್ಟೇಟ್ ಮೇಲೆ ಕಟ್ಟಿದವನದೇ ಲಾಭ. ಆಟಗಾರನಿಗೆ ಬೀಸಿದ ಬಲೆಯ ಜಾಣತನ ಇರುವುದು ಇಲ್ಲೇ. ಸೋಲು ಅಂತ ಯಾರೂ ಕೇಳುತ್ತಿರಲಿಲ್ಲ. ಗೆಲ್ಲು, ಆದರೆ ಕಡಿಮೆ ಗೆಲ್ಲು. ಕಾಲೇಜಿಗೆ ಗೆಲುವು ಸಿಗುತ್ತದೆ, ಎನ್‌ಐಟಿ ಆಸೆ ಕೆಡುವುದಿಲ್ಲ, ಕೋಚ್‌ಗೆ ಬೇಸರವಿಲ್ಲ, ಜೇಬಿಗೆ ಹಣ. ಯಾರಿಗೂ ನಷ್ಟವಿಲ್ಲ ಎಂದು ಇಪ್ಪತ್ತರ ಹುಡುಗನೊಬ್ಬ ತನಗೆ ತಾನೇ ಹೇಳಿಕೊಳ್ಳಬಹುದಾದ ವ್ಯವಹಾರ.

ಈ ಲೆಕ್ಕ ತಿಳಿದ ಮೇಲೆ 60–59 ಬೇರೆಯಾಗಿ ಕಾಣತೊಡಗುತ್ತದೆ. ಆದರೆ ‘ಕಾಣುತ್ತದೆ’ ಎಂಬುದರ ಮೇಲೆ ತೀರ್ಪು ಕೊಡಲಾಗದು. ನೆಚ್ಚಿನ ತಂಡಗಳು ಪ್ರಾಮಾಣಿಕವಾಗಿಯೂ ಒಂದಂಕದಿಂದ ಗೆಲ್ಲುತ್ತವೆ. ಬುಕಿಯ ಅಂದಾಜೇ ತಪ್ಪಿರಬಹುದು, ಎದುರಾಳಿ ಚೆನ್ನಾಗಿ ಆಡಿರಬಹುದು. ಫೈನಲ್ ತನಕ ಹೋದ ತಂಡ ಒಂದಂಕದಿಂದ ಸೋತದ್ದರಲ್ಲಿ ಅನುಮಾನಪಡುವಂಥದ್ದು ಏನಿದೆ? ಒಂದೇ ಪಂದ್ಯದ ಅಂತರದಿಂದ ಏನನ್ನೂ ಸಾಧಿಸಲಾಗದು. ಸಾವಿರಾರು ಪಂದ್ಯಗಳನ್ನು ಒಟ್ಟಿಗೆ ಇಟ್ಟು ನೋಡಿದರೆ?

ಆ ಪ್ರಯತ್ನವನ್ನು ಅರ್ಥಶಾಸ್ತ್ರಜ್ಞರು ಮಾಡಿದ್ದಾರೆ. 2006ರಲ್ಲಿ ಜಸ್ಟಿನ್ ವೋಲ್ಫರ್ಸ್ 16 ಋತುಗಳ 44,120 ಕಾಲೇಜು ಪಂದ್ಯಗಳನ್ನು ಬುಕಿಗಳ ಅಂದಾಜಿನ ಜೊತೆಗಿಟ್ಟು ತೂಗಿದರು. ಅವರ ತರ್ಕ ಸರಳ. ಬುಕಿ ಹೇಳಿದ್ದು 14 ಅಂಕ ಎಂದಾದರೆ, ಫಲಿತಾಂಶಗಳು ಆ 14ರ ಎರಡೂ ಕಡೆ ಸರಿಸುಮಾರು ಸಮವಾಗಿ ಹರಡಿರಬೇಕು. ಗೆದ್ದರೂ 14ರ ಒಳಗೇ ಉಳಿದ ಪಂದ್ಯಗಳು ಅತಿಯಾಗಿ ಕಂಡರೆ ಯಾರೋ ಕೈ ಹಾಕಿದ್ದಾರೆ ಎಂದು ಸಂಶಯಪಡಬಹುದು. 12 ಅಂಕಕ್ಕಿಂತ ಹೆಚ್ಚು ನೆಚ್ಚಿನ ತಂಡಗಳಲ್ಲಿ ಅವರಿಗೆ ಹಾಗೆಯೇ ಕಂಡಿತು. ಒಟ್ಟು ಪಂದ್ಯಗಳಲ್ಲಿ ಸುಮಾರು ನೂರಕ್ಕೊಂದರಲ್ಲಿ ಕೈವಾಡ ಇದ್ದೀತು ಎಂದು ಅವರು ಅಂದಾಜಿಸಿದರು. ನಾನು ಇದನ್ನು ಮೊದಲು ಓದಿದಾಗ ದಾರಿ ಸಿಕ್ಕಿತೆಂದೇ ಅನ್ನಿಸಿತ್ತು. ಅಂಕಿಗಳೇ ಸಾಕ್ಷಿ ಹೇಳುವುದಾದರೆ ಯಾರ ಮಾತನ್ನೂ ನೆಚ್ಚಬೇಕಾಗಿಲ್ಲವಲ್ಲ.

ಆ ದಾರಿ ಬಹಳ ದೂರ ಹೋಗಲಿಲ್ಲ. ಕೆಲವೇ ವರ್ಷಗಳಲ್ಲಿ ಡ್ಯಾನ್ ಬರ್ನ್‌ಹಾರ್ಟ್ ಮತ್ತು ಸ್ಟೀವನ್ ಹೆಸ್ಟನ್ ಅದೇ ಪರೀಕ್ಷೆಯನ್ನು ಬೆಟ್ಟಿಂಗಿನ ಆಮಿಷ ಇರಲು ಕಾರಣವೇ ಇಲ್ಲದ ಪಂದ್ಯಗಳ ಮೇಲೂ ಮಾಡಿ ನೋಡಿದರು. ಅಲ್ಲೂ ಅದೇ ಓರೆ. ಅಂದರೆ ಅದು ಮೋಸದ ಗುರುತಾಗಿರಬೇಕೆಂದಿಲ್ಲ, ಆಟದ ಸ್ವಭಾವವೇ ಇರಬಹುದು. ದೊಡ್ಡ ಮುನ್ನಡೆ ಸಿಕ್ಕಿದ ತಂಡ ಕೊನೆಯ ನಿಮಿಷಗಳಲ್ಲಿ ಬೆಂಚಿನ ಹುಡುಗರನ್ನು ಇಳಿಸುತ್ತದೆ, ಚೆಂಡನ್ನು ಇಟ್ಟುಕೊಂಡು ಹೊತ್ತು ಕಳೆಯುತ್ತದೆ, ಅಂತರ ತಾನಾಗಿಯೇ ಕುಗ್ಗುತ್ತದೆ. 1950ರಲ್ಲಂತೂ ಇಷ್ಟು ಸೆಕೆಂಡಿನೊಳಗೆ ಎಸೆಯಲೇಬೇಕೆಂಬ ಶಾಟ್ ಕ್ಲಾಕ್ ನಿಯಮವೇ ಕಾಲೇಜು ಆಟದಲ್ಲಿರಲಿಲ್ಲ; ಮುಂದಿದ್ದವರು ಚೆಂಡನ್ನು ತಮ್ಮತಮ್ಮಲ್ಲೇ ಸುತ್ತಿಸುತ್ತ ಕಾಲ ತಳ್ಳಬಹುದಿತ್ತು. ನನ್ನದೇ ಇನ್ನೊಂದು ಆಕ್ಷೇಪವೂ ಇದೆ. ಈ ಪರೀಕ್ಷೆ ಹಿಡಿಯುವುದು ನೆಚ್ಚಿನ ತಂಡ ಕಡಿಮೆ ಗೆಲ್ಲುವುದನ್ನು. ಮ್ಯಾನ್‌ಹ್ಯಾಟನ್–ಡಿಪಾಲ್ ಪಂದ್ಯದಲ್ಲಿ ಜೂಜುಕೋರರು ಕೇಳಿದ್ದು ತಿರುಗುಮುರುಗು: ದುರ್ಬಲ ಎನಿಸಿಕೊಂಡ ತಂಡ ಇನ್ನೂ ಹೆಚ್ಚು ಅಂಕದಿಂದ ಸೋಲಬೇಕು. ಆ ಕೇಳಿಕೆ ನಡೆದುಹೋಗಿದ್ದರೆ ಫಲಿತಾಂಶ ಲೆಕ್ಕದ ಇನ್ನೊಂದು ತುದಿಗೆ ಬಿದ್ದು, ಇತರ ಪಂದ್ಯಗಳ ಓರೆಯನ್ನು ಸ್ವಲ್ಪ ಮುಚ್ಚಿಯೂ ಬಿಡುತ್ತಿತ್ತು. ಎರಡು ಮೋಸಗಳು ಒಂದನ್ನೊಂದು ಅಳಿಸಿ ಸರಾಸರಿಯನ್ನು ಸಾಚಾ ಮಾಡಿ ತೋರಿಸಬಲ್ಲವು.

ಅಂಕಿಗಳ ಬಾಗಿಲು ಮುಚ್ಚಿದ ಮೇಲೆ ಮನುಷ್ಯರ ಮಾತಿಗೆ ಬರಲೇಬೇಕಾಯಿತು. ನಮ್ಮವರಿಗೆ ಇದು ಹೊಸತಲ್ಲ. 2000ದಲ್ಲಿ ಕ್ರಿಕೆಟ್ಟಿನ ಹ್ಯಾನ್ಸಿ ಕ್ರೋನ್ಯೆ ಹಗರಣ ಹೊರಬಂದದ್ದು ಸ್ಕೋರ್‌ಬೋರ್ಡಿನಿಂದಲ್ಲ, ದೆಹಲಿ ಪೊಲೀಸರು ಕೇಳಿಸಿಕೊಂಡ ಫೋನ್ ಮಾತುಕತೆಯಿಂದ. ನ್ಯೂಯಾರ್ಕಿನಲ್ಲೂ ಕಥೆ ಬಿಚ್ಚಿಕೊಂಡದ್ದು ಡಿಸ್ಟ್ರಿಕ್ಟ್ ಅಟಾರ್ನಿ ಫ್ರಾಂಕ್ ಹೋಗನ್ ಅವರ ಕಚೇರಿಯಲ್ಲಿ.

ಕಾಲಕ್ರಮದಲ್ಲಿ ಮೊದಲು ಬರುವುದು ಎರಡನೆಯ ಸಾಲು. ಮ್ಯಾನ್‌ಹ್ಯಾಟನ್ ತಂಡದಲ್ಲಿ ಜೂನಿಯಸ್ ಕೆಲಾಗ್ ಎಂಬ ಆರಡಿ ಎಂಟಂಗುಲದ ಸೆಂಟರ್ ಇದ್ದರು. ವರ್ಜೀನಿಯದ ಪೋರ್ಟ್ಸ್‌ಮತ್‌ನವರು, ಸೈನ್ಯದಲ್ಲಿದ್ದು ಬಂದವರು, ಆ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದ ಮೊದಲ ಕಪ್ಪು ಆಟಗಾರ. ಕಾಲೇಜಿನ ಹತ್ತಿರದ ಐಸ್‌ಕ್ರೀಮಿನಂಥ ಕಸ್ಟರ್ಡ್ ಮಾರುವ ಅಂಗಡಿಯಲ್ಲಿ ಕನಿಷ್ಠ ಕೂಲಿಗೆ ದುಡಿಯುತ್ತಿದ್ದರು. ಹಿಂದಿನ ಋತುವಿನಲ್ಲಿ ತಂಡದ ಜಂಟಿ ನಾಯಕನಾಗಿದ್ದ ಹ್ಯಾಂಕ್ ಪೊಪ್ಪಿ ಅವರ ಬಳಿ ಬಂದು, ಡಿಪಾಲ್ ಪಂದ್ಯದಲ್ಲಿ ಬೇಕಾದ ಅಂತರಕ್ಕೆ ಸೋತುಕೊಟ್ಟರೆ 1,000 ಡಾಲರ್ ಎಂದ. ಕೆಲಾಗ್ ಕೋಚ್ ಕೆನ್ ನಾರ್ಟನ್‌ಗೆ ಹೇಳಿದರು. ವಿಷಯ ಹೋಗನ್ ಕಚೇರಿ ಮುಟ್ಟಿತು. ಒಪ್ಪಿದವನಂತೆ ನಟಿಸು ಎಂದು ಪತ್ತೇದಾರರು ಹೇಳಿಕೊಟ್ಟರು. ಕೆಲಾಗ್ ಬಟ್ಟೆಯೊಳಗೆ ಧ್ವನಿಮುದ್ರಣದ ಯಂತ್ರ ಕಟ್ಟಿಕೊಂಡು ಪೊಪ್ಪಿಯನ್ನು ಭೇಟಿಯಾದರು ಎಂಬ ವಿವರ ನಂತರದ ಕಥನಗಳಲ್ಲಿ ಬರುತ್ತದೆ. ಹೇಳಲು ಚೆನ್ನಾಗಿರುವ ವಿವರ. ಆದರೆ ನನ್ನ ವಾದದ ಭಾರ ಅದರ ಮೇಲೆ ಬೀಳುವುದಿಲ್ಲ, ಆದ್ದರಿಂದ ಬದಿಗಿಡುತ್ತೇನೆ.

ಭಾರ ಬೀಳುವುದು ಆ ರಾತ್ರಿಯ ಆಟದ ಮೇಲೆ. ನಟಿಸುತ್ತಲೇ ಪ್ರಾಮಾಣಿಕವಾಗಿ ಆಡಬೇಕಾದ ಕೆಲಾಗ್ ಎಷ್ಟು ಗಾಬರಿಯಾಗಿದ್ದರೆಂದರೆ ಅವರ ಆಟ ಹಳಿ ತಪ್ಪಿತು. ತಂಡವನ್ನು ದಡ ಸೇರಿಸಿದವರು ಉಳಿದವರು. 62–59. ಪಂದ್ಯ ಮುಗಿದ ಕೆಲವೇ ಗಂಟೆಗಳಲ್ಲಿ ಪೊಪ್ಪಿ ಪೊಲೀಸರ ವಶದಲ್ಲಿದ್ದ. ಹಿಂದಿನ ಋತುವಿನಲ್ಲಿ ತಾನೂ ಜೊತೆ ನಾಯಕ ಜಾನ್ ಬರ್ನ್ಸ್ ಕೂಡ ಹಣ ಪಡೆದು ಆಡಿದ್ದಾಗಿ ಒಪ್ಪಿಕೊಂಡ.

ಈಗ ಎರಡು ಪಟ್ಟಿಗಳನ್ನು ಮತ್ತೆ ಪಕ್ಕಪಕ್ಕ ಇಡಿ. ಜನವರಿಯದರಲ್ಲಿ, ಎತ್ತರದ ಸೆಂಟರ್ ಒಬ್ಬರು ಎಂದಿನಂತೆ ಆಡಿಲ್ಲ. ಡಿಸೆಂಬರದರಲ್ಲಿ, ದೇಶದ ಅತ್ಯುತ್ತಮ ಸ್ಕೋರರುಗಳಲ್ಲಿ ಒಬ್ಬರಿರುವ ತಂಡ ಬಲಿಷ್ಠ ಎದುರಾಳಿಯನ್ನು ಮಣಿಸಿದೆ. ಇವೆರಡರಲ್ಲಿ ಹಣ ತಿಂದದ್ದು ಯಾವ ತಂಡ ಎಂದು ಏನೂ ಗೊತ್ತಿಲ್ಲದ ಪರೀಕ್ಷಕನನ್ನು ಕೇಳಿದರೆ ಅವನ ಬೆರಳು ಹೋಗುವುದು ಕೆಲಾಗ್ ಕಡೆಗೆ. ಲಂಚವನ್ನು ತಿರಸ್ಕರಿಸಿದವರೇ ಪಟ್ಟಿಯಲ್ಲಿ ಲಂಚ ತಿಂದವರಂತೆ ಕಾಣುತ್ತಾರೆ, ತಿಂದವರು ತಾರೆಯಂತೆ. ಸ್ಕೋರ್ ಪಟ್ಟಿ ಮೌನವಾಗಿದೆ ಎಂದು ಅಲ್ಲಿಯವರೆಗೆ ನಾನು ತಿಳಿದಿದ್ದೆ. ಈ ಜೋಡಿಯನ್ನು ಕಂಡ ಮೇಲೆ, ಅದು ಮಾತಾಡುತ್ತದೆ, ಸುಳ್ಳನ್ನೂ ಆಡುತ್ತದೆ ಎಂದು ಮನಗಾಣಬೇಕಾಯಿತು. ಇಡೀ ಹುಡುಕಾಟದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಜಾಗವೂ ಇದೇ. ಸಂಶೋಧಕನ ಖುಷಿಗಳು ಇಂಥ ವಿಚಿತ್ರ ಜಾತಿಯವು.

ಡಿಸೆಂಬರಿನ ಪಂದ್ಯದ ಸತ್ಯ ಹೊರಬಂದದ್ದು ಫೆಬ್ರವರಿಯಲ್ಲಿ. ಸಿಟಿ ಕಾಲೇಜಿನ ತಂಡ ಫಿಲಡೆಲ್ಫಿಯದಲ್ಲಿ ಟೆಂಪಲ್ ತಂಡವನ್ನು 95–71ರಿಂದ ಬಡಿದು ರೈಲಿನಲ್ಲಿ ಹಿಂತಿರುಗುವಾಗ, ಎಡ್ ವಾರ್ನರ್, ಎಡ್ ರೋಮನ್, ಅಲ್ ರಾತ್ ಮೂವರನ್ನು ಪತ್ತೇದಾರರು ಕರೆದೊಯ್ದರು. ಎರಡು ದಿನಗಳಲ್ಲಿ ಲಾಂಗ್ ಐಲ್ಯಾಂಡ್‌ನ ಸರದಿ: ಶರ್ಮನ್ ವೈಟ್, ಅಡಾಲ್ಫ್ ಬಿಗೋಸ್, ಲೆರಾಯ್ ಸ್ಮಿತ್. ಹಣ ಕೊಟ್ಟವನು ಸಾಲ್ವಟೋರ್ ಸೊಲಾಟ್ಸೊ ಎಂಬ ಒಡವೆ ವ್ಯಾಪಾರಿ. ಆಟಗಾರರಿಗೂ ಅವನಿಗೂ ನಡುವೆ ಓಡಾಡಿದವನು ಅದೇ ತಂಡದಲ್ಲಿ ಆಡಿದ್ದ ಎಡ್ಡಿ ಗಾರ್ಡ್. ಲಾಂಗ್ ಐಲ್ಯಾಂಡ್ ಆಟಗಾರರು ಒಪ್ಪಿಕೊಂಡ ಪಂದ್ಯಗಳಲ್ಲಿ ಕ್ಯಾನ್ಸಸ್ ಸ್ಟೇಟ್ ಪಂದ್ಯವೂ ಇತ್ತು.

ತಪ್ಪೊಪ್ಪಿಗೆಯನ್ನು ಎಷ್ಟು ನಂಬಬೇಕು? ಪೊಲೀಸರ ಕೋಣೆಯಲ್ಲಿ ಗಂಟೆಗಟ್ಟಲೆ ಕೂತ ಹುಡುಗ ಏನು ಬೇಕಾದರೂ ಒಪ್ಪಬಹುದು ಎಂಬುದು ನಮಗೂ ಗೊತ್ತಿರುವ ಮಾತು. ಇಲ್ಲಿ ನನ್ನ ಅನುಮಾನವನ್ನು ತಗ್ಗಿಸಿದ್ದು ಹಣ. ವೈಟ್ ಇರುತ್ತಿದ್ದ ವೈಎಂಸಿಎ ಕೋಣೆಯಲ್ಲಿ, ಬಟ್ಟೆ ಇಡುವ ಡ್ರಾಯರಿನ ಹಿಂಬದಿಗೆ ಅಂಟಿಸಿಟ್ಟ ಲಕೋಟೆಯೊಳಗೆ 5,500 ಡಾಲರ್ ನಗದು ಸಿಕ್ಕಿತು. ವಾರ್ನರ್ ಹಣ ಶೂ ಡಬ್ಬಿಯಲ್ಲಿತ್ತು. ಇವರು ಅದನ್ನು ಹೆಚ್ಚು ಖರ್ಚೂ ಮಾಡಿರಲಿಲ್ಲ ಎಂಬುದನ್ನು ಗಮನಿಸಬೇಕು. ಖರ್ಚು ಮಾಡಿದರೆ ಎಲ್ಲಿಂದ ಬಂತೆಂದು ಹೇಳಬೇಕಲ್ಲ. ಮಾತು ಬೇರೆ, ಲಕೋಟೆ ಬೇರೆ. ಒಂದು ಇನ್ನೊಂದನ್ನು ಹಿಡಿದು ನಿಲ್ಲಿಸಿದಾಗ ಮಾತ್ರ ನಾವು ‘ಗೊತ್ತು’ ಎನ್ನಬಹುದು. ನವೆಂಬರ್‌ನಲ್ಲಿ ನ್ಯಾಯಾಧೀಶ ಸಾಲ್ ಸ್ಟ್ರೈಟ್ ಸೊಲಾಟ್ಸೊಗೆ 8ರಿಂದ 16 ವರ್ಷ, ವೈಟ್‌ಗೆ ಒಂದು ವರ್ಷ ಶಿಕ್ಷೆ ಕೊಟ್ಟರು. ಲಾಂಗ್ ಐಲ್ಯಾಂಡ್ ತಂಡವನ್ನೇ ಮುಚ್ಚಿತು. ಮತ್ತೆ ಅಂಕಣಕ್ಕಿಳಿದದ್ದು 1957ರಲ್ಲಿ.

ಇಲ್ಲಿಗೆ ಕಡತ ಮುಚ್ಚಬಹುದಿತ್ತು. ಆದರೆ ಓದುತ್ತ ಹೋದಂತೆ ಒಂದು ತಕರಾರು ಅಡ್ಡ ಬಂತು. ಕೆಲಾಗ್ ಲಂಚ ನಿರಾಕರಿಸಿದ್ದರಿಂದ ಇಡೀ ಹಗರಣ ಬಯಲಾಯಿತು ಎಂದು ಒಂದು ಕಡೆ ಇದೆ. ಇನ್ನೊಂದು ಕಡೆ, 1952ರಲ್ಲಿ ಪುಲಿಟ್ಜರ್ ಮಂಡಳಿ ವಿಶೇಷ ಗೌರವ ಕೊಟ್ಟದ್ದು ‘ನ್ಯೂಯಾರ್ಕ್ ಜರ್ನಲ್–ಅಮೆರಿಕನ್’ ಪತ್ರಿಕೆಯ ಮ್ಯಾಕ್ಸ್ ಕೇಸ್‌ಗೆ, ಬಾಸ್ಕೆಟ್‌ಬಾಲ್‌ನ ಲಂಚವನ್ನು ಬಯಲಿಗೆಳೆದದ್ದಕ್ಕಾಗಿ. ಬಯಲು ಮಾಡಿದವರು ಯಾರು?

ಬಿಡಿಸಿ ನೋಡಿದರೆ ಎರಡು ಬೇರೆ ಎಳೆಗಳು ಕಾಣುತ್ತವೆ. ಕೆಲಾಗ್ ಹೇಳಿದ್ದು ಪೊಪ್ಪಿಯ ಹೆಸರು. ಪೊಪ್ಪಿಯ ಹಿಂದೆ ಇದ್ದ ಜೂಜುಕೋರರು ಬೇರೆ ಗುಂಪಿನವರು, ಸೊಲಾಟ್ಸೊಗೆ ಸೇರಿದವರಲ್ಲ. ಗಾರ್ಡ್ ಮತ್ತು ಸೊಲಾಟ್ಸೊ ಕಡೆಗೆ ಹೋಗನ್ ಕಚೇರಿಯ ಗಮನ ಹರಿದದ್ದು ಕೇಸ್ ಕೊಟ್ಟ ಸುಳಿವಿನಿಂದ. ಸುದ್ದಿಯನ್ನು ತಡೆಹಿಡಿದು, ಬಂಧನದ ಹೊತ್ತಿಗೆ ತಮ್ಮ ಪತ್ರಿಕೆಗೆ ಮೊದಲು ಸಿಗಬೇಕೆಂಬ ಮಾತಿನ ಮೇಲೆ ಅವರು ಅದನ್ನು ಕೊಟ್ಟಿದ್ದರು. ಹಾಗಾದರೆ 62–59ರ ರಾತ್ರಿಯಿಂದ 60–59ರ ಗುಟ್ಟು ರಟ್ಟಾಯಿತೆಂದು ನೇರ ಗೆರೆ ಎಳೆಯುವುದು ಕಷ್ಟ. ಜನವರಿಯ ಬಂಧನಗಳು ನಗರವನ್ನು ಕಲಕಿದವು, ಹೋಗನ್‌ಗೆ ಬೆಂಬಲ ತಂದವು, ಆಟಗಾರರಲ್ಲಿ ಭಯ ಹುಟ್ಟಿಸಿದವು, ಇಷ್ಟನ್ನು ಒಪ್ಪುತ್ತೇನೆ. ಕಾರಣ–ಪರಿಣಾಮದ ಸರಪಳಿ ಎಂದು ಮಾತ್ರ ಒಪ್ಪಲಾರೆ. ಎರಡು ಎಳೆಗಳನ್ನು ಒಂದಾಗಿ ಹೊಸೆದು ಹೇಳಿದರೆ ಕಥೆಗೆ ಒಬ್ಬ ನಾಯಕ ಸಿಗುತ್ತಾನೆ, ಅದಕ್ಕೇ ಹಾಗೆ ಹೊಸೆಯಲಾಗಿದೆ.

ನಿರಾಕರಿಸಿದವರಲ್ಲೂ ಕೆಲಾಗ್ ಮೊದಲಿಗರಲ್ಲ. 1949ರ ಜನವರಿಯಲ್ಲಿ ಜಾರ್ಜ್ ವಾಷಿಂಗ್ಟನ್ ಯೂನಿವರ್ಸಿಟಿಯ ಡೇವಿಡ್ ಶಪೀರೊ ಇದೇ ಹೋಗನ್ ಕಚೇರಿಗೆ ಹೀಗೇ ವಿಷಯ ಮುಟ್ಟಿಸಿ, ಇದೇ ಗಾರ್ಡನ್‌ನಲ್ಲಿ ಜೂಜುಕೋರರನ್ನು ಹಿಡಿಸಿಕೊಟ್ಟಿದ್ದರು. ಆ ಪಂದ್ಯದ ಎದುರಾಳಿ, ನಂಬಿದರೆ ನಂಬಿ, ಮ್ಯಾನ್‌ಹ್ಯಾಟನ್ ಕಾಲೇಜು. ಇದರಿಂದ ಕೆಲಾಗ್ ಧೈರ್ಯ ಸಣ್ಣದಾಗುವುದಿಲ್ಲ. ಆದರೆ 1951ರಲ್ಲಿ ಎಲ್ಲರೂ ಬೆಚ್ಚಿಬಿದ್ದರು ಎಂಬ ಮಾತನ್ನು ಸ್ವಲ್ಪ ಎಚ್ಚರದಿಂದ ಓದಬೇಕಾಗುತ್ತದೆ. 1945ರಲ್ಲೇ ಬ್ರೂಕ್ಲಿನ್ ಕಾಲೇಜಿನ ಐವರು ಪಂದ್ಯ ಸೋಲಲು ಹಣ ಪಡೆದದ್ದನ್ನು ಒಪ್ಪಿಕೊಂಡಿದ್ದರು. ಬೆಚ್ಚಿಬಿದ್ದವರಿಗೆ ಬೆಚ್ಚಲು ಮುಂಚೆಯೇ ಸಾಕಷ್ಟು ಕಾರಣಗಳಿದ್ದವು.

ಕೊನೆಯಲ್ಲಿ ಎಲ್ಲ ಕಡೆ ಸಿಗುವ ಮೊತ್ತ ಒಂದಿದೆ: 1947ರಿಂದ 1950ರವರೆಗೆ, ಏಳು ಕಾಲೇಜುಗಳ 32 ಆಟಗಾರರು, 86 ಪಂದ್ಯಗಳು. ಈ ವಾಕ್ಯವನ್ನು ನಾನು ಎಷ್ಟೋ ಕಡೆ ಓದಿದ್ದೇನೆ, ಎಲ್ಲರೂ ಒಬ್ಬರಿಂದೊಬ್ಬರು ಎತ್ತಿಕೊಂಡಂತೆ. ಅದು ತನ್ನೊಳಗೇ ಸರಿಹೊಂದುವುದಿಲ್ಲ. ಸಿಟಿ ಕಾಲೇಜಿನ ಆಟಗಾರರು ಒಪ್ಪಿಕೊಂಡ ಮೂರು ಪಂದ್ಯಗಳೆಂದರೆ ಮಿಸೌರಿ, ಅರಿಜೋನ, ಬೋಸ್ಟನ್ ಕಾಲೇಜು ವಿರುದ್ಧದವು. ಮೊದಲಿನ ಎರಡು 1950ರ ಡಿಸೆಂಬರದ್ದು. ಅರಿಜೋನಕ್ಕೆ ಸೋತದ್ದು 41–38ರಿಂದ. ಮೂರನೆಯದು 1951ರ ಜನವರಿಯದು. ‘1950ರವರೆಗೆ’ ಎಂಬ ಗಡಿಯ ಹೊರಗೆ ಬೀಳುತ್ತದೆ. 1950 ಎಂದರೆ 1950–51ರ ಋತು ಎಂದು ತಿಳಿದರೆ ಸರಿಹೋಗುತ್ತದೆ. ನಾನು ಹಾಗೇ ಓದಿಕೊಂಡಿದ್ದೇನೆ. ಇದಕ್ಕಿಂತ ದೊಡ್ಡ ಮಾತು ಬೇರೆ ಇದೆ. ಸ್ಕೋರಿನಿಂದ ಏನೂ ಹಿಡಿಯಲಾಗದೆಂದ ಮೇಲೆ, ಈ 86 ಬಂದದ್ದು ಬಾಯಿಬಿಟ್ಟವರ ಮಾತಿನಿಂದ. ಅಂದರೆ ಅದು ನಡೆದ ಮೋಸಗಳ ಲೆಕ್ಕವಲ್ಲ, ಒಪ್ಪಿಕೊಂಡ ಮೋಸಗಳದ್ದು. ನಿಜವಾದ ಸಂಖ್ಯೆ ಅದಕ್ಕಿಂತ ಕಡಿಮೆ ಇರುವ ಸಂಭವ ಕಡಿಮೆ. ಎಷ್ಟು ಹೆಚ್ಚು ಎಂದು ಹೇಳಲು ದಾರಿಯಿಲ್ಲ.

ಬಾಯಿಬಿಟ್ಟವರ ಮಾತು ಬೇರೆಯವರ ಮೇಲೆ ಬಿದ್ದಾಗ ಏನಾಗುತ್ತದೆ ಎಂಬುದಕ್ಕೂ ಈ ಋತುವಿನಲ್ಲೇ ಉದಾಹರಣೆ ಇದೆ. 1951ರ ಮಾರ್ಚ್‌ನಲ್ಲಿ ಕ್ಯಾನ್ಸಸ್ ಸ್ಟೇಟ್ ತಂಡ ಎನ್‌ಸಿಎಎ ಫೈನಲ್‌ನಲ್ಲಿ ಕೆಂಟಕಿಗೆ 68–58ರಿಂದ ಸೋತಿತು. ಕೆಂಟಕಿಯ ಸೆಂಟರ್ ಬಿಲ್ ಸ್ಪೈವಿ ಆ ದಿನ 22 ಅಂಕ ಹೊಡೆದರು. ಜೂಜುಕೋರರು ತಮ್ಮ ಹುಡುಗರನ್ನು ಮುಟ್ಟಲಾರರು ಎಂದು ಹೆಮ್ಮೆಯಿಂದ ಹೇಳುತ್ತಿದ್ದ ಕೆಂಟಕಿ ಕೋಚ್ ಅಡಾಲ್ಫ್ ರಪ್ ಅವರ ಹಳೆಯ ಆಟಗಾರರು, ಅಲೆಕ್ಸ್ ಗ್ರೋಜ, ರಾಲ್ಫ್ ಬಿಯರ್ಡ್ ಮತ್ತು ಡೇಲ್ ಬಾರ್ನ್‌ಸ್ಟೇಬಲ್, ಅಕ್ಟೋಬರ್‌ನಲ್ಲಿ ಸಿಕ್ಕಿಬಿದ್ದರು. ಬಳಿಕ ಸ್ಪೈವಿ ಮೇಲೂ ಜೊತೆ ಆಟಗಾರರ ಹೇಳಿಕೆಗಳು ಬಂದವು: 1950ರ ಡಿಸೆಂಬರ್‌ನಲ್ಲಿ ನ್ಯೂ ಆರ್ಲಿಯನ್ಸ್‌ನ ಶುಗರ್ ಬೌಲ್ ಪಂದ್ಯಾವಳಿಯಲ್ಲಿ ಸೇಂಟ್ ಲೂಯಿಸ್ ತಂಡಕ್ಕೆ ಕೆಂಟಕಿ ಒಂದೇ ಅಂಕದಿಂದ ಸೋತ ಪಂದ್ಯದಲ್ಲಿ ಅವರೂ ಪಾಲುದಾರ ಎಂದು. ಸ್ಪೈವಿ ಪ್ರಮಾಣ ಮಾಡಿ ಅಲ್ಲಗಳೆದರು. ಸುಳ್ಳು ಪ್ರಮಾಣದ ಮೊಕದ್ದಮೆ ಹೂಡಲಾಯಿತು. 1953ರಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. 12 ಮಂದಿಯಲ್ಲಿ ಒಂಬತ್ತು ಜನ ಬಿಡುಗಡೆಯ ಪರ, ಮೂವರು ವಿರುದ್ಧ. ಮೊಕದ್ದಮೆ ಕೈಬಿಟ್ಟರು. ಆದರೂ ಎನ್‌ಬಿಎ ಅವರನ್ನು ಒಳಗೆ ಬಿಡಲಿಲ್ಲ.

ಅವರ ವಿಷಯದಲ್ಲಿ ಇದ್ದದ್ದು ಸಹಚರರ ಮಾತು. ಡ್ರಾಯರಿನ ಹಿಂದೆ ಅಂಟಿಸಿದಂಥ ಲಕೋಟೆ ಅಲ್ಲಿಲ್ಲ, ಅವರದೇ ತಪ್ಪೊಪ್ಪಿಗೆಯೂ ಇಲ್ಲ. ಕೆಲಾಗ್ ಪ್ರಕರಣದಲ್ಲಿ ಒಬ್ಬನ ಮಾತನ್ನು ನಂಬಿದ್ದು ಸರಿಯಾಯಿತು, ಏಕೆಂದರೆ ಪೊಪ್ಪಿ ಅದೇ ರಾತ್ರಿ ಅದನ್ನು ಒಪ್ಪಿಕೊಂಡ. ಸ್ಪೈವಿ ಪ್ರಕರಣದಲ್ಲಿ ಆ ಇನ್ನೊಂದು ತುದಿ ಸಿಗಲೇ ಇಲ್ಲ. ಒಂದಂಕದ ಆ ಸೋಲನ್ನು ಒಪ್ಪಿತ ಪಟ್ಟಿಗೆ ಸೇರಿಸುವಾಗ ಅದರಲ್ಲಿ ಸ್ಪೈವಿ ಹೆಸರನ್ನೂ ಬರೆಯಬೇಕೆ ಎಂದು ಕೇಳಿದರೆ, ನಾನು ಆ ಒಂಬತ್ತು ಜನರ ಕಡೆಗೇ ನಿಲ್ಲುತ್ತೇನೆ. ಉಳಿದ ಮೂವರು ತಪ್ಪೆಂದು ಸಾಧಿಸಿ ತೋರಿಸಬಲ್ಲ ಕಾಗದ ನನ್ನ ಕೈಯಲ್ಲಿಲ್ಲ.